ಬಿಡುವು ಕೊಟ್ಟ ಕಣಿವೆ

ಗ್ವೆಂಡಾ ಹ್ಯಾರಿಗನ್ ಮೊದಲ ಸಲ ಬಿಲ್ಲಿನ ಹೆದೆ ಎಳೆಯಲು ಹೋದಾಗ ಅದು ಅರ್ಧಕ್ಕೂ ಬರಲಿಲ್ಲ. ಮುಖ ಕೆಂಪಾಯಿತು, ಮೊಣಕೈ ನಡುಗಿತು, ಬಾಯಿಂದ ಒಂದು ಕೆಟ್ಟ ಮಾತೂ ಹೊರಬಿತ್ತು. ಹಿಂದೆ ನಿಂತಿದ್ದ ಡೆಸ್ ಟಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಸ್ಕೂಲ್ ಬಸ್ಸಿನ ಸ್ಟಿಯರಿಂಗ್ ತಿರುಗಿಸಿ ತಿರುಗಿಸಿ ತೋಳು ಕಬ್ಬಿಣ ಆಗಿರುತ್ತೆ ಅಂದ್ಕೊಂಡಿದ್ದೆ ಕಣೆ. ಇದೇನಿದು, ಬೆಂದ ನೂಡಲ್ಸು!”

“ನಗು, ನಗು. ಹಲ್ಲುಸೆಟ್ಟು ಉದುರೀತು, ಹುಷಾರು.”

ಆಗ ಅವಳಿಗೆ ಐವತ್ತರ ಹತ್ತಿರ. ಬಂದೂಕಿನ ಸದ್ದು ಅವಳಿಗೆ ಚಿಕ್ಕಂದಿನಿಂದಲೂ ಆಗಿಬರುತ್ತಿರಲಿಲ್ಲ. ಆದರೆ ಮಂಜಿನಲ್ಲಿ ಬಸ್ಸು ಓಡಿಸುವಾಗ ರಸ್ತೆ ದಾಟುವ ಕಡವೆಗಳನ್ನು ನೋಡಿ ನೋಡಿ ಒಂದು ಆಸೆ ಒಳಗೆ ಕೂತುಬಿಟ್ಟಿತ್ತು. ಅವುಗಳ ಹತ್ತಿರಕ್ಕೆ ಹೋಗಬೇಕು, ಉಸಿರು ಕೇಳುವಷ್ಟು ಹತ್ತಿರ. ಬಿಲ್ಲಿನಿಂದ ಹೊಡೆದು ಗೆದ್ದರೆ ಮಾಂಸ ತಾನೇ ಹೊತ್ತು ತರಬೇಕು. ಹಾಗೆಂದು ಒಂದು ದಿನ ಪೆಟ್ರೋಲ್ ಬಂಕಿನಲ್ಲಿ ಡೆಸ್‌ನ ಹತ್ತಿರ ಬಾಯಿಬಿಟ್ಟಿದ್ದಳು. ಅವರ ಬೆಟ್ಟದೂರು ಕರಾಬಲ್ಲಾದ ಬಿಲ್ಲಿನ ಕ್ಲಬ್ಬಿನಲ್ಲಿ ಅವನಿಗಿಂತ ಹಿರಿಯನಿರಲಿಲ್ಲ. ಮರ ಕಡಿಯುವ ಕೆಲಸ ಬಿಟ್ಟ ಮೇಲೆ ಅವನಿಗೆ ಬೆಟ್ಟವೇ ಮನೆ, ಮನೆಗೆ ಬರುವುದು ಊಟಕ್ಕೆ ಮಾತ್ರ ಎಂದು ಅವನ ಹೆಂಡತಿ ನೊಯೆಲಿನ್ ಹೇಳುತ್ತಿದ್ದಳು.

ಡೆಸ್ ಅವಳಿಗೆ ಮಕ್ಕಳು ಹಿಡಿಯುವಂಥ ಹಗುರದ ಬಿಲ್ಲು ಕೊಟ್ಟು ಶುರುಮಾಡಿಸಿದ. ಅವನ ಅಂಗಳದ ಹುಲ್ಲಿನ ಹೊರೆಗೆ ಒಂದು ಟೀ ಸಾಸರಿನಷ್ಟಗಲದ ಕಾಗದ ಅಂಟಿಸಿ, ಬಾಣಗಳೆಲ್ಲ ಅದರೊಳಗೇ ಬೀಳುವವರೆಗೆ ಕಾಡಿನ ಮಾತೇ ಎತ್ತಬಾರದೆಂದ. ನಿಂತು ಹೊಡೆದದ್ದಾಯಿತು, ಮಂಡಿಯೂರಿ ಹೊಡೆದದ್ದಾಯಿತು, ಒದ್ದೆ ಕೋಟು ಹಾಕಿಕೊಂಡು ಮರಗಟ್ಟಿದ ಬೆರಳಲ್ಲಿ ಹೊಡೆದದ್ದಾಯಿತು. ತೋಳು ಬಲಿತಂತೆ ಬಿಲ್ಲನ್ನು ಬಿಗಿ ಮಾಡುತ್ತ ಹೋದ. ನೊಯೆಲಿನ್ ಅಡಿಗೆಮನೆ ಕಿಟಕಿಯಿಂದಲೇ ಕೂಗುತ್ತಿದ್ದಳು: “ನನ್ನ ಕೋಳಿಗೆ ತಾಗಿಸಿದ್ರೆ ಸಾರು ನೀನೇ ಮಾಡ್ಬೇಕು, ಗ್ವೆಂಡಾ!”

ಬಾಣ ಬಿಡುವುದಕ್ಕಿಂತ ಬಾಣ ಬಿಡದಿರುವುದನ್ನೇ ಡೆಸ್ ಹೆಚ್ಚು ಕಲಿಸಿದ.

“ದೂರದಿಂದ ಹೊಡೆಯೋದು ಬಂದೂಕಿನವರ ಕೆಲಸ. ನಾವು ಅದರ ರೆಪ್ಪೆ ಕಾಣೋ ತನಕ ಹೋಗೋರು. ಎದುರುಗಡೆ ನಿಂತಿದ್ರೆ ಬಿಡ್ಬೇಡ, ಎದೆಮೂಳೆಗೆ ತಾಗುತ್ತೆ. ಪಕ್ಕಕ್ಕೆ ತಿರುಗೋ ತನಕ ಕಾಯಿ. ತಿರುಗ್ಲಿಲ್ವಾ, ಮನೆಗೆ ಬಾ. ಗಾಯ ಮಾಡಿ ಬಿಟ್ಟು ಬಂದೋರಿಗೆ ನನ್ನ ಮನೇಲಿ ಟೀ ಇಲ್ಲ. ಮಾಂಸ ಬಿಟ್ಟು ಬಂದೋರಿಗೂ ಇಲ್ಲ.”

ಗಾಳಿ ನೋಡುವುದನ್ನು ಕಲಿಸಿದ. ಪೌಡರಿನ ಪುಟ್ಟ ಸೀಸೆ ಒತ್ತಿದರೆ ಬೆಳಗಿನ ತಂಪಿನಲ್ಲಿ ಬಿಳಿ ಧೂಳು ಕಣಿವೆಯ ಕೆಳಕ್ಕೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ತಿರುಗಿ ಮೇಲಕ್ಕೆ ಹತ್ತುತ್ತದೆ. ಆ ತಿರುವಿನ ಹೊತ್ತಿಗೆ ಕಣಿವೆಯಲ್ಲಿದ್ದರೆ ನಿನ್ನ ವಾಸನೆ ಕಡವೆಗೆ ಹೋಯಿತು, ಕೆಟ್ಟೆ.

ಇಷ್ಟೆಲ್ಲ ಕಲಿಸಿದವನು ತಾನು ಬೇಟೆಯಾಡುವ ಜಾಗ ಮಾತ್ರ ತೋರಿಸಲಿಲ್ಲ. ಅದು ಅಲ್ಲಿನ ರೂಢಿ. ಕಾಡು ಸರ್ಕಾರದ್ದು, ಯಾರು ಬೇಕಾದರೂ ಹೋಗಬಹುದು. ಆದರೂ ಒಬ್ಬರು ಕಾಲು ಸವೆಸಿ ಹುಡುಕಿಕೊಂಡ ಕಣಿವೆಗೆ ಇನ್ನೊಬ್ಬರು ಇಳಿಯುವುದಿಲ್ಲ. ಕಾಲು ಮುರಿದುಕೊಂಡರೆ ಹುಡುಕಿ ಬರಲಿಕ್ಕೆಂದು ಒಬ್ಬರಿಗೆ, ಒಬ್ಬರಿಗೆ ಮಾತ್ರ, ಜಾಗ ಹೇಳಿ ಹೋಗಬೇಕು. ಹಾಗೆ ಕೇಳಿಸಿಕೊಂಡವರು ಅದನ್ನು ಕೇಳದವರಂತೆ ಇದ್ದುಬಿಡಬೇಕು.

ಗ್ವೆಂಡಾ ತನ್ನ ಜಾಗವನ್ನು ಡೆಸ್‌ಗೆ ಹೇಳಿದಳು. ಬೇರೆ ಯಾರಿಗೆ ಹೇಳಿಯಾಳು?

ಅವಳ ಕಣಿವೆ ಸುಟ್ಟ ನೀಲಗಿರಿ ಮರಗಳ ಒಂದು ದಿಬ್ಬದಾಚೆ ಇತ್ತು. ಮುಳ್ಳಿನ ಬ್ಲ್ಯಾಕ್‌ಬೆರಿ ಪೊದೆಯಲ್ಲಿ ತೆವಳಿ, ಸಾಕ್ಸಿನೊಳಗೆ ಜಿಗಣೆ ತುಂಬಿಕೊಂಡು, ಶನಿವಾರ ಭಾನುವಾರಗಳನ್ನೆಲ್ಲ ಸುರಿದು ಅವಳು ಅದನ್ನು ಕಂಡುಕೊಂಡಿದ್ದಳು. ತಳದಲ್ಲಿ ಕಡವೆ ಹೊರಳಾಡುವ ಒಂದು ಕೆಸರುಗುಂಡಿ. ಪಕ್ಕದಲ್ಲಿ ಕೊಂಬು ತಿಕ್ಕಿ ತಿಕ್ಕಿ ತೊಗಟೆ ಸುಲಿದ ಮರ. ದುರ್ಬೀನಿನಲ್ಲಿ ಅವಳು ಆ ದೊಡ್ಡ ಗಂಡು ಕಡವೆಯನ್ನು ಮೊದಲು ನೋಡಿದಾಗ ಅವನು ಮೈತುಂಬ ಕೆಸರು ಮೆತ್ತಿಕೊಂಡು ಎಮ್ಮೆಯಂತೆ ಎದ್ದು ನಿಂತಿದ್ದ. ಎಡಗೊಂಬಿನ ಬುಡದ ಕವಲು ನೆಟ್ಟಗೆ ಮೇಲೇಳದೆ ಕಣ್ಣಿನ ಕಡೆಗೆ ಬಾಗಿತ್ತು, ಟೋಪಿಯನ್ನು ಓರೆಯಾಗಿ ಇಟ್ಟುಕೊಂಡ ಹಾಗೆ.

ಚಳಿಗಾಲದ ಒಂದು ಬೆಳಗ್ಗೆ ಅವನು ಅವಳಿಂದ ಬಸ್ಸಿನ ಉದ್ದದಷ್ಟು ದೂರಕ್ಕೆ ಬಂದ. ಅವಳು ಹೆದೆಯನ್ನು ಕೆನ್ನೆಗೆ ಎಳೆದಿದ್ದಳು. ಅವನು ಎದುರುಗಡೆಯೇ ನಿಂತ, ಕಿವಿ ಅಗಲಿಸಿ. ತೋಳು ಉರಿಯಿತು, ಕಣ್ಣಲ್ಲಿ ನೀರಾಡಿತು. ಅವನು ತಿರುಗಲಿಲ್ಲ. ಅವಳು ಮೆಲ್ಲಗೆ, ಹಾಲಿನ ಪಾತ್ರೆ ಇಳಿಸುವ ಹಾಗೆ, ಹೆದೆಯನ್ನು ಇಳಿಸಿದಳು. ಅವನು ಒಮ್ಮೆ ಮೂಗರಳಿಸಿ, ಅವಸರವಿಲ್ಲದೆ ಜರಿಗಿಡಗಳೊಳಗೆ ಹೋದ.

ಬಟ್ಟೆಯ ಕೆಸರೂ ಒಣಗುವ ಮುಂಚೆ ಅವಳು ಡೆಸ್‌ನ ಅಂಗಳದಲ್ಲಿದ್ದಳು.

“ಹೊಡೀಲಿಲ್ಲ ಡೆಸ್! ಎದುರಿಗೇ ಇದ್ದ, ನಾನು ಹೊಡೀಲಿಲ್ಲ!”

ಡೆಸ್ ಅವಳ ಭುಜ ಹಿಡಿದು ಅಲ್ಲಾಡಿಸಿದ. “ಇವತ್ತು ನೀನು ಬೇಟೆಗಾರ್ತಿ ಆದೆ ನೋಡು. ಕೊಂಬು ಎಷ್ಟುದ್ದ?”

ಅವಳು ತೋಳು ಚಾಚಿ ತೋರಿಸಿದಳು. ಅವನು ಆ ತೋಳುಗಳ ನಡುವಿನ ಅಂತರವನ್ನು ಕಣ್ಣಲ್ಲೇ ಅಳೆದ. ಆಮೇಲೆ ಹೇಳಿದ:

“ಕೇಳು. ಅವನಿಗೆ ಅನುಮಾನ ಬಂದಿದೆ. ಈಗ ಮತ್ತೆ ಹೋದ್ಯೋ, ನಿನ್ನ ವಾಸನೆಗೇ ಆ ಕಡೆ ತಲೆ ಹಾಕಲ್ಲ. ಕಣಿವೆಗೆ ಬಿಡುವು ಕೊಡು. ಒಂದು ದೊಡ್ಡ ಮಳೆ ಬಿದ್ದು ನೆಲ ತೊಳೀಲಿ. ಅಲ್ಲೀ ತನಕ ದಿಬ್ಬದ ಮೇಲೂ ಕಾಲಿಡ್ಬೇಡ.”

“ಅಷ್ಟು ದಿನಾನಾ?”

“ಕಾಯೋಕೆ ಆಗಲ್ಲ ಅಂದ್ರೆ ಕಸಾಯಿ ಅಂಗಡಿಗೆ ಹೋಗು ಮಾರಾಯ್ತಿ.”

ಅವಳು ಕಾದಳು. ಶನಿವಾರಗಳಲ್ಲಿ ಕೈ ಕಟ್ಟಿಹಾಕಿದಂತಾಗಿ ಬಸ್ಸನ್ನು ತೊಳೆದಳು, ಬೇಲಿ ಸರಿಮಾಡಿದಳು, ಹಿತ್ತಲಲ್ಲಿ ಬಾಣ ಬಿಟ್ಟಳು. ಮಳೆ ಒಂದು ವಾರ ಸುರಿಯಿತು. ಅದು ನಿಂತ ಮರುದಿನ ಬೆಳಕು ಹರಿಯುವಾಗಲೇ ದಿಬ್ಬ ಹತ್ತಿದಳು.

ಕಣಿವೆಗೆ ಇಳಿಯುವ ಮುಂಚೆಯೇ ಕಾಗೆಗಳು ಕಂಡವು. ಆಮೇಲೆ ನಾತ.

ಅವಳ ಕಡವೆ ಕೆಸರುಗುಂಡಿಯ ಅಂಚಿನಲ್ಲಿ ಬಿದ್ದಿದ್ದ. ತಲೆ ಇರಲಿಲ್ಲ. ಬೆನ್ನಿನ ಮಾಂಸದ ಎರಡು ಪಟ್ಟಿಗಳನ್ನಷ್ಟೇ ಬಿಡಿಸಿಕೊಂಡು, ತೊಡೆ, ಭುಜ ಎಲ್ಲವನ್ನೂ ಹಾಗೆಯೇ ಬಿಟ್ಟಿದ್ದರು. ನರಿಗಳು ಹೊಟ್ಟೆ ತಿಂದಿದ್ದವು. ಗ್ವೆಂಡಾ ಬಿಲ್ಲನ್ನು ಜರಿಗಿಡಕ್ಕೆ ಒರಗಿಸಿ ಅವನ ಪಕ್ಕದಲ್ಲೇ ಕೂತಳು. ಹೊರಗಿನವರು ಯಾರೋ, ಪಟ್ಟಣದ ಬಂದೂಕಿನವರು, ದಾರಿ ತಪ್ಪಿ ಇಳಿದಿರಬೇಕು. ಅಯ್ಯೋ, ಡೆಸ್‌ಗೆ ಹೇಳಿದರೆ ಅವನೂ ಎಷ್ಟು ನೊಂದುಕೊಳ್ಳುತ್ತಾನೋ ಎಂದುಕೊಂಡಳು.

ಅವಳು ಹೋದಾಗ ಡೆಸ್ ಮನೆಯಲ್ಲಿರಲಿಲ್ಲ. ನೊಯೆಲಿನ್ ಬಟ್ಟೆ ಒಣಹಾಕುತ್ತಿದ್ದವಳು ಕ್ಲಿಪ್ಪನ್ನು ಬಾಯಿಂದ ತೆಗೆದು ಓಡಿಬಂದು ಅಪ್ಪಿಕೊಂಡಳು.

“ನಿನ್ನಂಥ ಮನಸ್ಸು ಯಾರಿಗಿದೆ ಕಣೆ! ಇವರಿಗೆ ಭುಜ ಹೋದ ಮೇಲೆ ರಾತ್ರಿ ಗೋಡೆ ನೋಡ್ಕೊಂಡು ಮಲಗ್ತಿದ್ರು. ಹೆದೆ ಎಳೆಯೋಕೆ ಆಗಲ್ಲ ಅಂತ ಯಾರಿಗೂ ಹೇಳ್ಕೊಂಡಿಲ್ಲ, ಕ್ಲಬ್ಬಲ್ಲೂ. ಅಂಥೋರಿಗೆ ನಿನ್ನ ಕಡವೇನೇ ಬಿಟ್ಕೊಟ್ಯಲ್ಲ! ‘ಗ್ವೆಂಡಾನೇ ಹೋಗಿ ಹೊಡ್ಕೋ ಅಂದ್ಳು’ ಅಂತ ಹೇಳಿ ಮಗು ಥರ ಅತ್ರು.”

ಗ್ವೆಂಡಾ ಅವಳ ಹೆಗಲ ಮೇಲಿಂದ ನೋಡಿದಳು. ಶೆಡ್ಡಿನ ಪಕ್ಕ ಒಲೆಯ ಮೇಲೆ ಹಳೆಯ ಡ್ರಮ್ಮಿನಲ್ಲಿ ನೀರು ಕುದಿಯುತ್ತಿತ್ತು. ಅಂಚಿನ ಮೇಲೆ ಎರಡು ಕೊಂಬು ಎದ್ದಿದ್ದವು; ಬುರುಡೆ ಬಿಡಿಸಲು ತಲೆ ಬೇಯುತ್ತಿತ್ತು. ಎಡಗೊಂಬಿನ ಬುಡದ ಕವಲು ಓರೆಯಾಗಿತ್ತು.

ಪಿಕಪ್ ಗಾಡಿ ಬಂತು. ಡೆಸ್ ಇಳಿದು, ಅವಳನ್ನು ನೋಡಿ, ಡ್ರಮ್ಮನ್ನು ನೋಡಿ, ಟೋಪಿ ತೆಗೆದ. “ನೊಯೆಲಿನ್, ಟೀ ಇಡು” ಎಂದು ಹೆಂಡತಿಯನ್ನು ಒಳಗೆ ಕಳಿಸಿದ.

“ಹೇಳೋಣ ಅಂತಲೇ ಇದ್ದೆ” ಎಂದ.

“ಬಂದೂಕಲ್ಲೇ ಹೊಡೆದ್ಯಾ?”

“ಮತ್ತೆ? ಈ ಭುಜ ಇಟ್ಕೊಂಡು?” ಅವನು ಬಲಗೈ ಎತ್ತಲು ನೋಡಿದ; ಅದು ಎದೆಯ ಮಟ್ಟಕ್ಕೇ ನಿಂತಿತು. “ನಿಂಗೆ ಇನ್ನೂ ವಯಸ್ಸಿದೆ ಗ್ವೆಂಡಾ. ಹತ್ತು ಸಿಗುತ್ವೆ. ನಂಗೆ ಇದೇ ಕೊನೇದು. ಅಷ್ಟಕ್ಕೂ ಕಾಡು ಸರ್ಕಾರದ್ದು. ಕಡವೆಗೆ ನಿನ್ನ ಹೆಸರು ಬರೆದಿತ್ತಾ?”

“ಕೇಳಿದ್ರೆ ಕೊಡ್ತಿದ್ದೆ, ಡೆಸ್.”

ಅವನು ನೆಲ ನೋಡಿದ.

“ನಾನೇ ಕರ್ಕೊಂಡು ಹೋಗ್ತಿದ್ದೆ. ತೊಡೆ ಹೊರೋಕೂ ಬರ್ತಿದ್ದೆ. ಅಷ್ಟೂ ಮಾಂಸ ಕೊಳೀತಿದೆ ಅಲ್ಲಿ.”

“ಭುಜ ಅಂದ್ನಲ್ಲ. ತಲೆ ಹೊರೋದೇ ಕಷ್ಟ ಆಯ್ತು.” ಆಮೇಲೆ ಅವನು ದನಿ ತಗ್ಗಿಸಿದ. “ಒಂದ್ ಮಾತು. ಭಾನುವಾರ ಕ್ಲಬ್ಬಲ್ಲಿ ಕೊಂಬು ಅಳೀತಾರೆ. ಬಿಲ್ಲಲ್ಲೇ ಹೊಡೆದದ್ದು ಅಂತ ಹೇಳಿದೀನಿ. ಜೊತೆಗಿದ್ದೋರು ಒಬ್ರು ಹೂಂ ಅಂದ್ರೇನೇ ಗೋಡೆಗೆ ಹಾಕೋದು. ನೀನು ಹೂಂ ಅಂದ್ಬಿಡು, ಸಾಕು. ನಿನ್ನ ಹೆಸರೂ ಬರುತ್ತೆ.”

ಅವಳು ಟೀ ಬರುವ ಮುಂಚೆ ಹೊರಟುಬಿಟ್ಟಳು.

ಭಾನುವಾರ ಹೋಗಬಾರದೆಂದುಕೊಂಡಿದ್ದವಳು ಕೊನೆಗೆ ಹೋದಳು. ಸಾಸೇಜು ಸುಡುವ ಹೊಗೆ, ಮಕ್ಕಳ ಗಲಾಟೆ, ಉದ್ದ ಮೇಜಿನ ಮೇಲೆ ಆ ತಲೆಬುರುಡೆ, ಬೆಳ್ಳಗೆ. ಕ್ಲಬ್ಬಿನ ಲಾಯ್ಡ್ ಪಿಂಕಸ್ ಟೇಪು ಹಿಡಿದು ಅಳೆಯುತ್ತ ಶಿಳ್ಳೆ ಹಾಕಿದ.

“ಮುದುಕಾ, ಇದನ್ನ ಎಲ್ಲಿ ಬಚ್ಚಿಟ್ಟಿದ್ಯೋ! ಜೊತೆಗ್ಯಾರಿದ್ರು?”

“ಗ್ವೆಂಡಾ. ಅವಳದೇ ಕಣಿವೆ” ಎಂದ ಡೆಸ್.

ಎಲ್ಲರೂ ತಿರುಗಿದರು. ಆ ಗಂಡಸರಲ್ಲಿ ಒಬ್ಬರೂ ಅಲ್ಲಿಯವರೆಗೆ ಅವಳನ್ನು ಹಾಗೆ ನೋಡಿರಲಿಲ್ಲ. ಒಬ್ಬ ಬೆಂಚಿನಲ್ಲಿ ಜಾಗ ಬಿಟ್ಟು ಸರಿದ. ಇನ್ನೊಬ್ಬ, “ಬಸ್ಸಮ್ಮಂಗೆ ಒಂದು ಬಿಯರ್ ಕೊಡ್ರೋ!” ಎಂದ. ಹೂಂ ಎಂದರೆ ಸಾಕಿತ್ತು, ಆ ಬೆಂಚು ಅವಳದಾಗುತ್ತಿತ್ತು. ಡೆಸ್‌ನ ಕಣ್ಣು ಬೇಡುತ್ತಿತ್ತು. ಅದನ್ನು ನೋಡಿ ಅವಳಿಗೆ ಕರುಣೆಯೂ ಬಂತು. ಹಾಗೆ ಬಂದದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು.

“ನಾನಿರ್ಲಿಲ್ಲ ಲಾಯ್ಡ್” ಎಂದಳು. “ಅಲ್ಲಿ ಕಾಲಿಡ್ಬೇಡ ಅಂತ ಡೆಸ್ ಹೇಳಿದ್ದ. ನಾನು ಇಟ್ಟಿರ್ಲಿಲ್ಲ.”

ಲಾಯ್ಡ್ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಡೆಸ್‌ನ ಕಡೆ ನೋಡಿದ. “ಹೊಡೆದ ಬಾಣ ಇದೆಯೇನೋ? ತೋರ್ಸು ನೋಡಣ.”

ಡೆಸ್ ಅವನಿಗೆ ಬೆನ್ನು ತಿರುಗಿಸಿದ. ಗ್ವೆಂಡಾಳನ್ನೇ ನೋಡುತ್ತ, “ಇಷ್ಟೆಲ್ಲ ಕಲಿಸಿದ್ದಕ್ಕೆ ಇದಾ?” ಎಂದ.

“ಕಲಿಸಿದ್ದನ್ನೆಲ್ಲ ಕಲಿತೆ ಡೆಸ್. ನಂಬ್ಕೊಂಡು ಕಲಿತೆ.”

ಸಲಾಡಿನ ಪಾತ್ರೆ ಹಿಡಿದು ಬರುತ್ತಿದ್ದ ನೊಯೆಲಿನ್ ಅರ್ಧದಲ್ಲಿ ನಿಂತಿದ್ದಳು. “ಬಿಟ್ಕೊಟ್ಳು ಅಂದ್ರಲ್ರೀ?” ಎಂದು ಗಂಡನನ್ನು ಕೇಳಿದಳು, ಬಹಳ ಮೆಲ್ಲಗೆ. ಅವನು ಬುರುಡೆಯನ್ನು ಒಂದೇ ಕೈಯಲ್ಲಿ ಎತ್ತಿಕೊಳ್ಳಲು ನೋಡಿದ. ಆಗಲಿಲ್ಲ. ಯಾರೂ ಕೈ ಹಚ್ಚಲಿಲ್ಲ.

ಗ್ವೆಂಡಾ ಗಾಡಿಯಲ್ಲಿ ಕೂತು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ಮುಂದಿನ ಚಳಿಗಾಲಕ್ಕೆ ಬೇರೆ ಕಣಿವೆ ಹುಡುಕಿಕೊಳ್ಳಬಹುದು, ಅದು ಅವಳಿಗೆ ಗೊತ್ತಿತ್ತು. ಅಲ್ಲೂ ಒಂದು ಗಂಡು ಕಡವೆ ಬಂದೀತು, ಈ ಸಲ ಪಕ್ಕಕ್ಕೆ ತಿರುಗೀತು, ಬಾಣ ನೆಟ್ಟಗೆ ಹೋದೀತು. ಆಮೇಲೆ ರಕ್ತದ ಕೈಯಲ್ಲಿ ಬೆಟ್ಟ ಇಳಿದು ಬಂದು ಯಾರ ಅಂಗಳದಲ್ಲಿ ನಿಂತು ಕೂಗಬೇಕು ಎಂಬುದಷ್ಟೇ ಅವಳಿಗೆ ತೋಚಲಿಲ್ಲ.