ಇಬ್ಬರ ಒಪ್ಪಿಗೆ

ಕೋರ್ಟು ಕಂಪ್ಯೂಟರ್ ಟೀಚರಿಗೂ ಅವಳ ಗಂಡನಿಗೂ ವಿಚ್ಛೇದನ ಕೊಟ್ಟು ವರ್ಷವಾಗಿತ್ತು. ಪಾತ್ರೆಪಗಡ ಹಂಚಿಕೊಂಡಾಗಿತ್ತು, ಟೀಚರ್ ಅಕ್ಕನ ಮನೆಯ ಮಹಡಿ ಕೋಣೆ ಸೇರಿಯಾಗಿತ್ತು. ಹಂಚಿಕೊಳ್ಳಲಾಗದೆ ಉಳಿದದ್ದು ಒಂದೇ, ಮದುವೆಯ ಹೊಸದರಲ್ಲಿ ಇಬ್ಬರೂ ಕೂಡಿ ಬರೆದ ಸಾಫ್ಟ್‌ವೇರ್. ಡಯಾಲಿಸಿಸ್ ಕೇಂದ್ರಗಳಲ್ಲಿ ಯಾವ ರೋಗಿಗೆ ಯಾವ ಹೊತ್ತು, ಯಾವ ಯಂತ್ರ ಎಂದು ಅದು ಗೊತ್ತುಮಾಡುತ್ತಿತ್ತು. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಪುಕ್ಕಟೆ ಎಂದ ಕೂಡಲೇ ವಕೀಲರು ಅದರ ತಂಟೆಗೇ ಹೋಗಲಿಲ್ಲ.

ತಿದ್ದುವುದಕ್ಕೊಂದು ಕ್ರಮವಿತ್ತು. ಮೂಲಕ್ಕೆ ಯಾರೂ ನೇರವಾಗಿ ಕೈ ಹಚ್ಚುವಂತಿಲ್ಲ. ಅದರಿಂದ ಬ್ರಾಂಚ್ ಎಂಬ ಬೇರೆ ಪ್ರತಿಯೊಂದನ್ನು ತೆಗೆದು, ತಿದ್ದುವುದನ್ನೆಲ್ಲ ಅದರಲ್ಲೇ ತಿದ್ದಿ, ಒಪ್ಪಿಗೆ ಸಿಕ್ಕ ಮೇಲೆ ಮೂಲಕ್ಕೆ ಸೇರಿಸಬೇಕು. ಒಪ್ಪಿಗೆ ಕೊಡುವವರು ಇಬ್ಬರೇ, ಗಂಡ ಮತ್ತು ಹೆಂಡತಿ. ಅದರಲ್ಲೂ ತನ್ನ ಬ್ರಾಂಚನ್ನು ತಾನೇ ಒಪ್ಪಿಕೊಳ್ಳುವಂತಿಲ್ಲ. ಅವನದನ್ನು ಅವಳು ನೋಡಬೇಕು, ಅವಳದನ್ನು ಅವನು. ಹೊಸ ಪ್ರೀತಿಯ ಅಮಲಿನಲ್ಲಿ ಈ ನಿಯಮ ಇಬ್ಬರಿಗೂ ಬಲು ಮುದ್ದಾಗಿ ಕಂಡಿತ್ತು. ನಿಯಮ ಬದಲಿಸಲಿಕ್ಕೂ ಒಂದು ಬ್ರಾಂಚ್ ಬೇಕು, ಅದಕ್ಕೂ ಇನ್ನೊಬ್ಬರ ಒಪ್ಪಿಗೆ ಬೇಕು ಎಂಬುದು ಆಗ ಯಾರ ತಲೆಗೂ ಹೊಳೆದಿರಲಿಲ್ಲ.

ಹೀಗಾಗಿ ಟೀಚರ್ ಶಾಲೆಗೆ ಹೊರಡುವ ಮೊದಲು ಫೋನು ತೆಗೆದರೆ ಅವನ ಬ್ರಾಂಚ್ ಕಾದು ಕೂತಿರುತ್ತಿತ್ತು. ಅವಳು ತಿದ್ದಿದ್ದರ ಕೆಳಗೆ ಅವನ ಮಾತು, “ಇನ್ನೊಂದ್ಸಲ ಯೋಚನೆ ಮಾಡಬಹುದಿತ್ತೇನೋ.” ಬೈಗುಳವಲ್ಲ, ಕೂಗಾಟವಲ್ಲ. ಮನೆಯಲ್ಲೂ ಅವನು ಹೀಗೇ ಮೆತ್ತಗೆ ಹೇಳುತ್ತಿದ್ದ, ಕೇಳಿ ಕೇಳಿಯೇ ಅವಳು ಉಸಿರುಕಟ್ಟಿ ಹೊರಬಿದ್ದದ್ದು.

“ಅದನ್ನ ಅಲ್ಲೇ ಬಿಟ್ಟು ಕೈ ತೊಳ್ಕೊಳೇ,” ಎಂದಳು ಅಕ್ಕ, ಬಟ್ಟೆ ಮಡಿಸುತ್ತಾ.

“ನಾನು ಬಿಟ್ರೆ ಅವರು ತಿದ್ದಿದ್ದನ್ನ ಒಪ್ಪೋರು ಯಾರೂ ಇಲ್ಲ. ತಪ್ಪೆಲ್ಲ ಹಾಗೇ ಉಳಿಯುತ್ತೆ. ಪಾಪ, ರೋಗಿಗಳೇನು ಮಾಡಿದ್ರು?”

“ನಕಲು ಮಾಡ್ಕೊಂಡು ಬೇರೆ ನಡೆಸು ಮತ್ತೆ.”

“ನಡೆಸಬಹುದು. ಆದ್ರೆ ಕೇಂದ್ರಗಳೆಲ್ಲ ಹಳೇದನ್ನೇ ನಂಬ್ಕೊಂಡಿವೆ. ನನ್ನ ಹಿಂದೆ ಯಾರು ಬರ್ತಾರೆ?”

“ಕೋರ್ಟಿನಲ್ಲಿ ಬಿಡಿಸ್ಕೊಂಡು ಬಂದೋಳು ಕಂಪ್ಯೂಟರಲ್ಲಿ ಇನ್ನೂ ಸಂಸಾರ ಮಾಡ್ತಿದೀಯಲ್ಲೇ,” ಎಂದು ಅಕ್ಕ ನಕ್ಕಳು. ಟೀಚರಿಗೆ ನಗು ಬರಲಿಲ್ಲ.

ದಾರಿಯೊಂದಿತ್ತು. ಗುಬ್ಬಿ ಎಂಬ ಅಡ್ಡಹೆಸರಿನ ಯಾರೋ ಒಬ್ಬರು ಎಲ್ಲಿಂದಲೋ ಅಚ್ಚುಕಟ್ಟಾಗಿ ತಿದ್ದಿ ಕಳಿಸುತ್ತಿದ್ದರು. ಒಪ್ಪಿಗೆ ಕೊಡುವವರಲ್ಲಿ ಅವರೂ ಸೇರಿದರೆ ಟೀಚರ್ ನಿಶ್ಚಿಂತೆಯಾಗಿ ಎದ್ದು ಹೋಗಬಹುದು. ಗುಬ್ಬಿಯನ್ನು ಕೇಳಿದಳು, ಅವರು ಖುಷಿಯಿಂದ ಹೂಂ ಎಂದರು. ಅವರ ಹೆಸರು ಸೇರಿಸಿ ಒಂದು ಬ್ರಾಂಚ್ ಮಾಡಿ ಕಳಿಸಿದಳು. ಒಂದೇ ಸಾಲಿನ ಬದಲಾವಣೆ. ಮೊಸರಲ್ಲಿ ಕಲ್ಲು ಹುಡುಕುವುದರಲ್ಲಿ ಅವನು ಪಳಗಿದವನು, ಆ ಒಂದು ಸಾಲಿನಲ್ಲೂ ಹುಡುಕಿದ. ಅಲ್ಪವಿರಾಮ ತಪ್ಪಿದೆ ಎಂದ, ತಿದ್ದಿದಳು. ವಿವರಣೆ ಸಾಲದು ಎಂದ, ಬರೆದಳು. ಆಮೇಲೆ ಒಪ್ಪಲೂ ಇಲ್ಲ, ತಿರಸ್ಕರಿಸಲೂ ಇಲ್ಲ. ಬ್ರಾಂಚ್ ಅಲ್ಲೇ ಕೊಳೆಯತೊಡಗಿತು.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದಾಗ ಫೋನು ಅದುರಿತು. ಯಾವುದೋ ಕೇಂದ್ರದ ನರ್ಸಮ್ಮ ಎಲ್ಲರಿಗೂ ಕಾಣುವಂತೆ ಬರೆದಿದ್ದಳು. ಸಾಫ್ಟ್‌ವೇರ್ ಒಂದೇ ಯಂತ್ರವನ್ನು ಇಬ್ಬರಿಗೆ ಕೊಟ್ಟಿದೆ, ಸಂಜೆಯ ಪಟ್ಟಿಯೆಲ್ಲ ಹೀಗೇ ಕಲಸಿಹೋಗಿದೆ, ಒಬ್ಬ ಅಜ್ಜ ಮೈ ಊದಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಟೀಚರ್ ಅದನ್ನು ಓದಿ ಮುಗಿಸುವಷ್ಟರಲ್ಲಿ ಅವನು ತಪ್ಪು ಹುಡುಕಿ, ತಿದ್ದಿ, ಬ್ರಾಂಚ್ ಕಳಿಸಿಯೇಬಿಟ್ಟಿದ್ದ. ಇನ್ನು ಬೇಕಾದದ್ದು ಅವಳ ಒಪ್ಪಿಗೆ.

ಈಗ ಜುಟ್ಟು ಅವಳ ಕೈಯಲ್ಲಿತ್ತು. “ಮೊದಲು ಗುಬ್ಬಿಯ ಹೆಸರಿರೋ ಬ್ರಾಂಚ್ ಒಪ್ಪಿಕೊಳ್ಳಿ, ಆಮೇಲೆ ಇದು,” ಎಂದು ಬರೆದಳು. ಅವನು ಒಪ್ಪಲೇಬೇಕಾಗುತ್ತಿತ್ತು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಳಿಸುವ ಗುಂಡಿಯ ಮೇಲೆ ಬೆರಳೂ ಇಟ್ಟಿದ್ದಳು. ಆದರೆ ಬೆಂಚಿನ ಮೇಲಿನ ಅಜ್ಜ ಕಣ್ಣಮುಂದಿನಿಂದ ಕದಲಲಿಲ್ಲ. ಚೌಕಾಸಿಗೆ ಹಿಡಿಯುವ ಹೊತ್ತಷ್ಟೂ ಅವರ ಲೆಕ್ಕಕ್ಕೇ ಬೀಳುತ್ತದಲ್ಲ ಎಂದು ನಾಚಿಕೆಯಾಯಿತು. ಬರೆದದ್ದನ್ನು ಅಳಿಸಿ, ಅವನ ಬ್ರಾಂಚನ್ನು ಸಾಲುಸಾಲಾಗಿ ಓದಿದಳು. ಹುಳುಕೇ ಇರಲಿಲ್ಲ. ಒಪ್ಪಿಗೆ ಕೊಟ್ಟಳು. ಅಜ್ಜನಿಗೆ ಯಂತ್ರ ಸಿಕ್ಕಿತೆಂದು ನರ್ಸಮ್ಮ ಬರೆದಾಗ ನಿಜಕ್ಕೂ ಖುಷಿಯಾಯಿತು.

ಸಂಜೆ ಮೆಟ್ಟಿಲು ಹತ್ತುತ್ತಾ ಫೋನು ನೋಡಿದಳು. ಗುಬ್ಬಿಯ ಹೆಸರಿದ್ದ ಬ್ರಾಂಚಿಗೆ ಕೊನೆಗೂ ಅವನ ಉತ್ತರ ಬಂದಿತ್ತು.

“ಇವತ್ತು ಎಲ್ಲರೂ ನೋಡಿದ್ರಲ್ಲ, ನಾವಿಬ್ಬರೇ ಎಷ್ಟು ಬೇಗ ಸರಿಮಾಡಿದ್ವಿ. ಮೂರನೆಯವರ ಅಗತ್ಯ ಇದೆ ಅಂತ ನನಗನ್ನಿಸಲ್ಲ.”

ಹಾಗೆಂದು ಬರೆದು ಬ್ರಾಂಚನ್ನು ತಿರಸ್ಕರಿಸಿದ್ದ. ಮಾತಿನ ಕೆಳಗೆ ಮೆಚ್ಚುಗೆಯ ಹೆಬ್ಬೆರಳುಗಳು ಸಾಲುಗಟ್ಟಿದ್ದವು. ಎಲ್ಲಕ್ಕಿಂತ ಮೊದಲನೆಯದು ನರ್ಸಮ್ಮನದು.

“ಏನಂತೆ? ಬಿಟ್ಟನಾ?” ಎಂದು ಅಕ್ಕ ಕೆಳಗಿನಿಂದ ಕೇಳಿದಳು.

“ಇಲ್ಲ ಅಕ್ಕಾ,” ಎಂದಳು ಟೀಚರ್. “ನಾನು ಇದ್ರೆ ಎಲ್ಲರಿಗೂ ಒಳ್ಳೇದಂತೆ.”