ಗೌರಿಗೆ ಮೊದಲ ಮೊರ

ಕುಮಾರಸ್ವಾಮಿ ಲೇಔಟಿನ ಚಿಕ್ಕಬೈರಪ್ಪನ ಪಶು ಆಹಾರದ ಅಂಗಡಿಗೆ ಒಂದು ಕಟ್ಟಳೆ ಇತ್ತು. ಹೊಸದಾಗಿ ಒಡೆಸಿದ ಜೋಳದ ನುಚ್ಚಿನ ಮೊದಲ ಮೊರ, ಬಾಗಿಲಲ್ಲೇ ಕಟ್ಟಿರುತ್ತಿದ್ದ ಅವನ ಹಸು ಗೌರಿಗೆ. ಅದು ತಿಂದ ಮೇಲೆಯೇ ಮಾರಾಟ. ಅವನ ತಾಯಿ ಹಾಕಿಕೊಟ್ಟ ಪದ್ಧತಿ. ಸುತ್ತಲಿನ ಹಸು ಸಾಕುವವರು ಈ ಅಂಗಡಿಯನ್ನು ನಂಬಿದ್ದೂ ಅದರಿಂದಲೇ.

ಮೊರ ಹಿಡಿಯುವ ಕೆಲಸ ಯಲ್ಲವ್ವನದು. ಬಾಗಲಕೋಟೆ ಕಡೆಯಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದವಳು, ಕಾಳು ಕೇರುವುದರಲ್ಲಿ ಎತ್ತಿದ ಕೈ. ಚೀಲಗಳನ್ನು ನೆಲಕ್ಕೆ ತಾಗಿಸಬೇಡಿ, ಅಡಿಗೆ ಹಲಗೆ ಹಾಕಿಸಿ ಎಂದು ಮಳೆಗಾಲಕ್ಕೆ ಮುಂಚೆಯೇ ಬಡಕೊಂಡಿದ್ದಳು. ಚಿಕ್ಕಬೈರಪ್ಪ ನಕ್ಕು ಸುಮ್ಮನಾಗಿದ್ದ. ಈಗ ಹನ್ನೆರಡು ಚೀಲ ಮುಸುಕಿನ ಜೋಳಕ್ಕೆ ಹಸಿರು ಬೂಷ್ಟು ಹಿಡಿದಿತ್ತು. ಅವನೋ ಅದನ್ನು ತಾರಸಿಯ ಮೇಲೆ ಒಣಗಿಸಿ, ಒಳ್ಳೆಯ ಜೋಳದ ಜೊತೆ ಬೆರೆಸಿ ಒಡೆಸಿಯೇಬಿಟ್ಟ.

“ಬಿಸಿಲಿಗೆ ಬೂಷ್ಟೆಲ್ಲ ಹೋಯ್ತಲ್ಲ, ಇನ್ನೇನು?” ಎಂದ.

“ಬೂಷ್ಟ್ ಹೋಗೇತ್ರಿ, ವಿಷ ಹೋಗಿಲ್ರಿ. ಒಣಗಿಸಿದ್ರೂ ಹುರಿದ್ರೂ ಹೋಗೂದಿಲ್ಲಂತ ದನದ ಡಾಕ್ಟ್ರು ಇಲ್ಲೇ ನಿಂತು ಹೇಳ್ಯಾರ. ಆಕಳ ಹಾಲಿನ್ಯಾಗೂ ಬರತೈತಂತ.”

“ಕೆಲಸ ಬೇಕೋ ಬೇಡ್ವೋ ನಿಂಗೆ?”

ಬೇಕಿತ್ತು. ಮಗಳು ಪ್ರಿಯಾಂಕಾಳ ಕಾಲೇಜು, ಮನೆಯ ಬಾಡಿಗೆ ಎಲ್ಲ ಆ ಮೊರದ ಮೇಲೇ ನಿಂತಿತ್ತು. ಯಲ್ಲವ್ವ ಮೊರ ಕೈಗೆತ್ತಿಕೊಂಡಳು.

ಒಂಬತ್ತಕ್ಕೆ ಗಿರಾಕಿಗಳು ಸೇರಿದರು. ಮುಂದೆ ನಿಂತವಳು ಪುಟ್ಟೇನಹಳ್ಳಿಯ ಮುನಿವೆಂಕಟಮ್ಮ; ಬಾಡಿಗೆ ಮನೆಗಳನ್ನು ಕಟ್ಟಿಸಿದರೂ ಹಿತ್ತಲಲ್ಲಿ ಮೂರು ಹಸು ಉಳಿಸಿಕೊಂಡಿದ್ದ ಮುದುಕಿ. ಬಾಗಿಲಲ್ಲಿ ಹಸುವಿಲ್ಲ. ಚಿಕ್ಕಬೈರಪ್ಪ ಅದನ್ನು ಎದುರು ಸೈಟಿನ ಬೇವಿನ ಮರಕ್ಕೆ ಕಟ್ಟಿದ್ದ.

“ಗೌರಿಗೆ ಅಜೀರ್ಣ ಕಣಕ್ಕ. ಇವತ್ತು ಅದಕ್ಕೆ ಬೇಡ, ನೀವು ತಗೊಳ್ಳಿ” ಎಂದ ಚಿಕ್ಕಬೈರಪ್ಪ.

ಯಲ್ಲವ್ವನಿಗೆ ಮೈಯೆಲ್ಲ ಉರಿಯಿತು. ಎಂಥ ಭಂಡತನ! ಮೊರ ತುಂಬಿಕೊಂಡು ರಸ್ತೆ ದಾಟಿದಳು. ಹಸಿದಿದ್ದ ಗೌರಿ ಕತ್ತು ಚಾಚಿತು. ಚಿಕ್ಕಬೈರಪ್ಪ ಓಡಿಬಂದು ಮೊರಕ್ಕೆ ಹೊಡೆದ. ನುಚ್ಚೆಲ್ಲ ಮಣ್ಣುಪಾಲಾಯಿತು.

“ಅದರ ಹಾಲು ನನ್ನ ಮೊಮ್ಮಗಳು ಕುಡಿಯೋದು ಕಣೇ!”

ಆಡಿದ ಮೇಲೆ ತಾನೇನು ಒಪ್ಪಿಕೊಂಡೆನೆಂದು ಅವನಿಗೇ ಗೊತ್ತಾಯಿತು.

“ನಮ್ಮನೇಲೂ ಮೊಮ್ಮಕ್ಕಳಿದಾರೆ ಕಣೋ ಬೈರಪ್ಪ” ಎಂದು ಮುನಿವೆಂಕಟಮ್ಮ ಖಾಲಿ ಚೀಲ ಮಡಚಿ ಕಂಕುಳಿಗೆ ಇಟ್ಟುಕೊಂಡಳು. ಉಳಿದವರೂ ಒಬ್ಬೊಬ್ಬರಾಗಿ ಚೀಲ ಮಡಚಿದರು.

“ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ” ಎಂದು ಚಿಕ್ಕಬೈರಪ್ಪ ಕೂಗಿದ.

ಯಲ್ಲವ್ವ ಮೊರ ಎತ್ತಿ ಧೂಳು ಕೊಡವಿ, ಅಂಗಡಿಗೆ ಹೋಗಿ ಅದರ ಮೊಳೆಗೇ ನೇತುಹಾಕಿದಳು.

“ನಾಳೇನೂ ಬರ್ತೀನ್ರಿ. ಮೊದಲ್ನೇ ಮೊರಾ ಗೌರಿ ಮುಂದನ ಇಡ್ತೀನಿ. ಆಕಿ ತಿನ್ನೂವಂಥಾ ಜ್ವಾಳಾ ತರಸ್ರಿ.”