ಕೇಳಬಾರದ ಪ್ರಶ್ನೆ

ಕೋಟು ತೂಗುಹಾಕುವ ಕೋಣೆಯಲ್ಲಿ ಲೆನೋರ್ ಪಾಸ್ಕ ತನಗಾಗಿ ಕಾದು ನಿಂತಿರುವುದನ್ನು ಕಂಡಾಗಲೇ ಎಲ್ಡನ್ ಬ್ರೂಗರನಿಗೆ ಏನೋ ಕೆಟ್ಟದ್ದು ಆಗಿದೆ ಎನಿಸಿತು. ರಾಜ್ಯದ ಸೆನೆಟ್ಟಿನಲ್ಲಿ ಇಬ್ಬರೂ ಇಪ್ಪತ್ತೆರಡು ವರ್ಷ ಎದುರುಬದುರು ಕೂತಿದ್ದರು. ಅಷ್ಟು ವರ್ಷಗಳಲ್ಲಿ ಅವಳು ಅವನಿಗಾಗಿ ಒಂದು ನಿಮಿಷ ಕಾದವಳಲ್ಲ. ಅವನು ಕೆಂಪು ಪಕ್ಷ, ಅವಳು ನೀಲಿ ಪಕ್ಷ. ಆದರೆ ವೈರ ಪಕ್ಷದ್ದಷ್ಟೇ ಆಗಿರಲಿಲ್ಲ. ಒಂದು ಚುನಾವಣೆಯಲ್ಲಿ ಅವಳು ಅವನ ಊರಿಗೇ ಬಂದು, ಧಾನ್ಯದ ಕಂಪನಿಗಳು ಬೊಗಳೆಂದರೆ ಬೊಗಳುವ, ಮಲಗೆಂದರೆ ಮಲಗುವ ನಾಯಿ ಎಂದು ಅವನನ್ನು ಕರೆದು ಹೋಗಿದ್ದಳು. ಮರುವರ್ಷ ಅವನು ಅವಳ ಹದಿಮೂರು ತಿದ್ದುಪಡಿಗಳನ್ನು ಒಂದೇ ಮಧ್ಯಾಹ್ನ ಬೀಳಿಸಿದ್ದ. ಒಂದೊಂದು ಬಿದ್ದಾಗಲೂ ಅವಳ ಕಡೆ ತಿರುಗಿ ತಲೆಬಾಗಿಸಿದ್ದ.

ಇವತ್ತು ಅವಳ ಮುಖದಲ್ಲಿ ರಕ್ತವಿರಲಿಲ್ಲ. ಗಂಡ ಆರ್ಲಿನ್ ನೂರಿಪ್ಪತ್ತು ಮೈಲಿ ಪಶ್ಚಿಮದ ಊರಿನ ಆಸ್ಪತ್ರೆಯಲ್ಲಿದ್ದ. ಅವನು ಸಂಜೆಯ ತನಕ ಉಳಿಯುವುದು ಕಷ್ಟ ಎಂದು ಬೆಳಿಗ್ಗೆ ಆರಕ್ಕೆ ಫೋನ್ ಬಂದಿತ್ತು.

"ಜೋಡಿ ಕೊಡ್ತೀರಾ?" ಎಂದಳು. ಕೇಳುವಾಗ ಅವನ ಮುಖ ನೋಡಲಿಲ್ಲ, ಅವನ ಕೋಟಿನ ಗುಂಡಿ ನೋಡುತ್ತಿದ್ದಳು.

ಜೋಡಿ ಎಂದರೆ ಆ ಸದನದ ಹಳೆಯ ನಡವಳಿಕೆ. ಸದಸ್ಯರೊಬ್ಬರು ಕಾಯಿಲೆಗೋ ಸಾವಿಗೋ ಹೋಗಬೇಕಾಗಿ ಬಂದರೆ ಎದುರು ಪಕ್ಷದ ಒಬ್ಬರು ಆ ದಿನ ತಮ್ಮ ಮತವನ್ನೂ ಹಾಕದೆ ಕೂರುವುದು. ಇಲ್ಲೊಂದು ಕಡಿಮೆ, ಅಲ್ಲೊಂದು ಕಡಿಮೆ, ತಕ್ಕಡಿ ಅಲುಗುವುದಿಲ್ಲ. ಇದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. ಕಾಗದವಿಲ್ಲ, ಸಾಕ್ಷಿಯಿಲ್ಲ. ಹೆಸರು ಕೂಗಿದಾಗ ಎದ್ದು ನಿಂತು ಜೋಡಿಯನ್ನು ಹೇಳಬೇಕು. ಅಲ್ಲಿಯತನಕ ಕೊಟ್ಟವರು ಅದನ್ನು ಎಲ್ಲೂ ಆಡಿಕೊಳ್ಳುವ ಹಾಗಿಲ್ಲ. ಉಳಿಸಿಕೊಳ್ತೀರಾ ಎಂದು ಬೇರೆಯವರು ಕೇಳುವ ಹಾಗಂತೂ ಇಲ್ಲವೇ ಇಲ್ಲ. ಕೇಳುವುದೂ ಕಳ್ಳ ಎನ್ನುವುದೂ ಒಂದೇ. ಈ ನಡವಳಿಕೆಯಲ್ಲಿ ಪಳಗಿದವರು ಮೂವತ್ತಮೂರು ಜನರಲ್ಲಿ ಈಗ ಇವರಿಬ್ಬರೇ ಉಳಿದಿದ್ದರು. ಅವಳು ಅವನ ಹತ್ತಿರ ಬಂದಿದ್ದು ಅದಕ್ಕೇ, ಬೇರೆ ದಾರಿಯಿಲ್ಲದೆ. ಎಲ್ಡನ್ ಇದುವರೆಗೆ ಏಳು ಜೋಡಿ ಕೊಟ್ಟಿದ್ದ, ಒಂದನ್ನೂ ಮುರಿದಿರಲಿಲ್ಲ. ತನ್ನ ಬದುಕಿನಲ್ಲಿ ಅವನು ಒಳಗೊಳಗೇ ಹೆಮ್ಮೆಪಡುತ್ತಿದ್ದುದು ಅದೊಂದಕ್ಕೇ.

"ಹೊರಡಿ," ಎಂದ. ಅವಳು ಕೈಗವಸು ತೆಗೆದು ಕೈ ಕುಲುಕಿ ಹೊರಟುಹೋದಳು. ಉಪಕಾರವಾಯಿತು ಎನ್ನಲಿಲ್ಲ.

ನಿಜ ಹೇಳಬೇಕೆಂದರೆ ಅದರಿಂದ ಅವನಿಗೆ ನಷ್ಟವೇನೂ ಇರಲಿಲ್ಲ. ಅವತ್ತು ಮತಕ್ಕೆ ಬರಲಿದ್ದುದು ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುವ ಮಸೂದೆ. ಕೆಂಪು ಪಕ್ಷದವರು ಬರೆದ ಆ ನಕ್ಷೆಯಲ್ಲಿ ಲೆನೋರಳ ಕ್ಷೇತ್ರವೇ ಇರಲಿಲ್ಲ. ಅದನ್ನು ಮೂರು ತುಂಡು ಮಾಡಿ ಮೂರು ಕಡೆಗೆ ಹಂಚಿದ್ದರು. ಕೆಂಪಿನವರು ಹದಿನೇಳು, ನೀಲಿಯವರು ಹದಿನಾರು. ಅವಳೂ ಅವನೂ ಇಲ್ಲದಿದ್ದರೆ ಹದಿನಾರಕ್ಕೆ ಹದಿನೈದು, ಆಗಲೂ ಮಸೂದೆ ಪಾಸು. ಗಂಡನ ಹಾಸಿಗೆಯ ಪಕ್ಕ ಕೂತು ಅವಳು ತನ್ನ ಸೋಲಿನ ಸುದ್ದಿ ಕೇಳುತ್ತಾಳೆ. ಹಾಗೆ ಯೋಚಿಸಿದಾಗ ಅವನಿಗೆ ಸುಖವಾಯಿತು. ಸುಖವಾಯಿತಲ್ಲ ಎಂದು ಸ್ವಲ್ಪ ನಾಚಿಕೆಯೂ ಆಯಿತು.

ಹನ್ನೊಂದು ಗಂಟೆಗೆ ಕೆಂಪು ಪಕ್ಷದವರು ಬಾಗಿಲು ಹಾಕಿಕೊಂಡು ಸೇರಿದರು. ಉತ್ತರದ ಕಡೆಯ ಗ್ವೆನ್ ಆಸ್ಟ್ರಮ್ ಎದ್ದು ನಿಂತು, ಈ ನಕ್ಷೆ ತನ್ನ ಊರನ್ನೇ ನಡುವೆ ಸೀಳುತ್ತದೆ, ತಾನು ಇದಕ್ಕೆ ವಿರುದ್ಧ ಮತ ಹಾಕುತ್ತೇನೆ ಎಂದಳು. ಯಾರೂ ಬಾಯಿ ತೆರೆಯುವ ಮೊದಲೇ ಎದ್ದು ಹೋದಳು. ಎಲ್ಡನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅವನು ಜೋಡಿ ಉಳಿಸಿಕೊಂಡರೆ ಈಗ ಹದಿನೈದಕ್ಕೆ ಹದಿನಾರು, ಮಸೂದೆ ಬೀಳುತ್ತದೆ. ಜೋಡಿ ಮುರಿದು ಮತ ಹಾಕಿದರೆ ಹದಿನಾರಕ್ಕೆ ಹದಿನಾರು. ಸಮವಾದಾಗ ಪೀಠದಲ್ಲಿ ಕೂತು ಸದನ ನಡೆಸುವ ಉಪರಾಜ್ಯಪಾಲರ ಮತ ಬರುತ್ತದೆ, ಅವರು ಕೆಂಪಿನವರೇ. ಬೆಳಿಗ್ಗೆ ಖರ್ಚಿಲ್ಲದೆ ಕೊಟ್ಟ ಮಾತಿಗೆ ಈಗ ಇಡೀ ನಕ್ಷೆಯೇ ಬೆಲೆಯಾಗಿತ್ತು.

ಕೋಟಿನ ಕೋಣೆಯಲ್ಲಿ ಅವರಿಬ್ಬರೂ ಕೈ ಕುಲುಕಿದ್ದನ್ನು ಯಾರೋ ನೋಡಿದ್ದರು. ಹನ್ನೆರಡೂಕಾಲಿಗೆ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಕೆಂಪು ಪಕ್ಷದ ನಾಯಕ ಟ್ರೆಂಟ್ ಕಾಡಿ ಬಂದು ಎಲ್ಡನ್‌ನ ಎದುರು ಕೂತ. ಮೂವತ್ತೆಂಟರ ವಯಸ್ಸು, ಎಲ್ಡನ್ ಮೊದಲ ಸಲ ಗೆದ್ದಾಗ ಹೈಸ್ಕೂಲಿನಲ್ಲಿದ್ದವನು. ಬುಧವಾರ, ಎಲ್ಲರ ತಟ್ಟೆಯಲ್ಲೂ ಮಾಂಸ, ಕಾಳು ಬೇಯಿಸಿದ ಖಾರದ ಚಿಲಿ, ಪಕ್ಕದಲ್ಲಿ ದಾಲ್ಚಿನ್ನಿ ಬನ್ನು. ಟ್ರೆಂಟ್ ದನಿ ಎತ್ತಲಿಲ್ಲ. ಹತ್ತು ವರ್ಷದ ಮಾತು ಇದು, ಒಂದು ದಿನದ್ದಲ್ಲ ಎಂದ. ಬೇರೆ ರಾಜ್ಯಗಳಲ್ಲಿ ನೀಲಿಯವರ ಕೈಗೆ ಪೆನ್ಸಿಲ್ ಸಿಕ್ಕಾಗ ನಮ್ಮವರ ಕ್ಷೇತ್ರಗಳನ್ನು ಹೀಗೇ ಕೊಚ್ಚಿ ಹಾಕಲಿಲ್ಲವೇ ಎಂದ.

"ಆವಾಗ ನಮ್ಮವರಿಗೆ ಯಾರು ಜೋಡಿ ಕೊಟ್ರು, ಹೇಳಿ? ಆ ಹೆಂಗಸು ನಿಮ್ಮನ್ನ ನಾಯಿ ಅಂದಿದ್ದಳು. ಅವಳಿಗೋಸ್ಕರ ನಮ್ಮನ್ನೆಲ್ಲ ಮುಳುಗಿಸ್ತೀರಾ? ಮತ ಹಾಕ್ತೀನಿ ಅಂತ ಒಂದು ಮಾತು ಹೇಳಿಬಿಡಿ, ನಾನು ಎದ್ದು ಹೋಗ್ತೀನಿ."

ಎಲ್ಡನ್ ಬನ್ನನ್ನು ಮುರಿದು ಚಿಲಿಯಲ್ಲಿ ಅದ್ದಿದ. ಹಾಕುವುದಿಲ್ಲ ಎನ್ನಬಹುದಿತ್ತು. ಅಂದರೆ ಮುಂದಿನ ಎರಡು ಗಂಟೆ ಊರಿನಿಂದ ಫೋನಿನ ಮೇಲೆ ಫೋನು, ಪಕ್ಷದ ಜಿಲ್ಲಾ ಅಧ್ಯಕ್ಷ, ಚರ್ಚಿನ ಗೆಳೆಯರು, ಕೊನೆಗೆ ಅವನ ಸ್ವಂತ ತಮ್ಮ. ಅದನ್ನು ಅವನು ಹೆದರಿಕೆ ಎಂದು ಕರೆದುಕೊಳ್ಳಲಿಲ್ಲ. ಜೋಡಿಯನ್ನು ಸದನದಲ್ಲಿ ಮಾತ್ರ ಹೇಳಬೇಕು, ಕ್ಯಾಂಟೀನಿನಲ್ಲಲ್ಲ ಎಂದುಕೊಂಡು ಬನ್ನು ಅಗಿದ. 'ನಿಮ್ಮ ಮೌನಕ್ಕೆ ನನಗೆ ಬೇಕಾದ ಅರ್ಥ ಹಾಕ್ಕೊಂಡು ನಲವತ್ತು ವರ್ಷ ಸಂಸಾರ ಮಾಡಿದೀನಿ' ಎಂದು ಹೆಂಡತಿ ಒಮ್ಮೆ ಹೇಳಿದ್ದಳು. ಟ್ರೆಂಟ್ ಕೂಡ ತನಗೆ ಬೇಕಾದ ಅರ್ಥವನ್ನೇ ಹಾಕಿಕೊಂಡ. ಅವನ ಭುಜ ತಟ್ಟಿ, ಹಿರಿಯರು ಅಂದರೆ ಹೀಗಿರಬೇಕು ಎಂದು ಎದ್ದು ಹೋದ.

ಮೇಲೆ ಹತ್ತುವ ಮೆಟ್ಟಿಲಲ್ಲಿ ನೀಲಿಯವರ ನಾಯಕಿ ಡೆವ್ರಾ ಮಾಲಿನ್ ಅಡ್ಡ ನಿಂತಿದ್ದಳು. ವಕೀಲೆ, ಸದನಕ್ಕೆ ಬಂದು ಮೂರನೇ ವರ್ಷ. ಗ್ವೆನ್ ತಿರುಗಿಬಿದ್ದ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು, ಟ್ರೆಂಟ್ ಇವನ ಭುಜ ತಟ್ಟಿದ್ದನ್ನು ಕ್ಯಾಂಟೀನಿನ ಗಾಜಿನಾಚೆಯಿಂದ ಕಣ್ಣಾರೆ ನೋಡಿದ್ದಳು.

"ಲೆನೋರ್‌ಗೆ ಕೊಟ್ಟ ಜೋಡಿ ಉಳಿಯುತ್ತಾ, ಇಲ್ವಾ?"

ಅವನ ಕಿವಿ ಬಿಸಿಯಾಯಿತು. "ಇದನ್ನ ಕೇಳಬಾರದು ಅಂತ ನಿಮಗೆ ಯಾರೂ ಹೇಳಿಕೊಟ್ಟಿಲ್ವಾ?"

"ನೀತಿಪಾಠ ನಿಮ್ಮ ಮೊಮ್ಮಕ್ಕಳಿಗೆ ಇಟ್ಕೊಳ್ಳಿ. ಹೌದೋ, ಅಲ್ವೋ? ಅವರು ಅಲ್ಲಿ ಗಂಡನ ಪಕ್ಕ ಕೂತಿದ್ದಾರೆ. ನಾನು ಈಗ ಫೋನ್ ಮಾಡಿ ಏನು ಹೇಳಲಿ?"

ಅವನು ಅವಳ ಪಕ್ಕದಿಂದ ಹಾದು ಮೆಟ್ಟಿಲು ಹತ್ತಿದ. ಏಳು ಸಲ ಉಳಿಸಿಕೊಂಡವನನ್ನು ನಿನ್ನೆ ಮೊನ್ನೆ ಬಂದವಳು ತಡೆದು ಕೇಳುವುದೆಂದರೇನು? ಐದಾರು ಮೆಟ್ಟಿಲಿನ ತನಕ ತಾನು ಏನೋ ದೊಡ್ಡದನ್ನು ಕಾಪಾಡಿದೆ ಎಂಬ ಭಾವ ಎದೆಯಲ್ಲಿ ತುಂಬಿಕೊಂಡಿತ್ತು. ಹಿಂದೆ ಅವಳು ಫೋನಿನಲ್ಲಿ ಗುಂಡಿ ಒತ್ತುತ್ತಿದ್ದುದನ್ನು ಅವನು ತಿರುಗಿ ನೋಡಲಿಲ್ಲ.

ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಮೇಜಿನ ಮೇಲೆ ನಕ್ಷೆ ಹರಡಿದ. ಹೊರಗೆ ಬಯಲಿನಿಂದ ಬಂದ ಗಾಳಿ ನಿಲುಗಡೆಯ ಕಾರುಗಳ ಮೇಲೆ ಹಿಮವನ್ನು ಅಡ್ಡಡ್ಡ ಎರಚುತ್ತಿತ್ತು. ಆ ನಕ್ಷೆ ಅವನಿಗೆ ಬೇಕಾಗಿತ್ತು. ಗೆದ್ದವರು ಗೆರೆ ಎಳೆಯುವುದು ನ್ಯಾಯ ಎಂದೇ ಅವನು ನಂಬಿದ್ದ. ಲೆನೋರ್ ಪಾಸ್ಕ ಸೋತು ಮನೆಗೆ ಹೋಗುವುದನ್ನು ನೋಡಬೇಕೆಂಬ ಆಸೆಯೂ ಇತ್ತು. ಹೆಸರು ಕೂಗಿದಾಗ ಒಂದು 'ಬೇಕು' ಎಂದರೆ ಎಲ್ಲ ಕೈಗೆ ಬರುತ್ತದೆ. ಅನ್ನದಿದ್ದರೆ ಮುಂದಿನ ಚುನಾವಣೆಯಲ್ಲಿ ಅವನ ಪಕ್ಷವೇ ಅವನ ಎದುರು ಇನ್ನೊಬ್ಬನನ್ನು ನಿಲ್ಲಿಸುತ್ತದೆ. ಇಪ್ಪತ್ತೆರಡು ವರ್ಷ ಮುಗಿಯುತ್ತದೆ, ಅದೂ ತಾನು ದ್ವೇಷಿಸುವ ಹೆಂಗಸೊಬ್ಬಳಿಗಾಗಿ. ತುಂಬ ಹೊತ್ತು ಕೂತ. ಕೂತಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಅವಳು ಒಳ್ಳೆಯವಳಾಗಿದ್ದರೆ ಮಾತು ಉಳಿಸಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆ ಏನಿತ್ತು? ಮೂರಕ್ಕೆ ಐದು ನಿಮಿಷವಿದ್ದಾಗ ನಕ್ಷೆ ಮಡಚಿಟ್ಟು ಎದ್ದ.

ಹೆಸರು ಕೂಗುವುದು ಅಕ್ಷರದ ಸಾಲಿನಲ್ಲಿ. ಗ್ವೆನ್ ಆಸ್ಟ್ರಮ್ 'ಬೇಡ' ಎಂದಾಗ ಕೆಂಪಿನ ಸಾಲಿನಿಂದ ಯಾರೋ ಹಲ್ಲಿನ ಸಂದಿಯಲ್ಲಿ ಬೈದರು. ಅವಳ ನಂತರ ಇನ್ನೊಬ್ಬರು, ಆಮೇಲೆ ಮುದುಕಿ ಗುಮಾಸ್ತೆ ಬ್ರೂಗರ್ ಎಂದು ಕೂಗಿದಳು.

ಎಲ್ಡನ್ ಎದ್ದ. ಎರಡೂ ಕೈ ಮೇಜಿನ ಮೇಲೆ ಊರಿದ. "ಸದಸ್ಯೆ ಪಾಸ್ಕ ಅವರ ಜೊತೆ ನನ್ನದು ಜೋಡಿ ಇದೆ. ಅವರು ಇದ್ದಿದ್ರೆ ಬೇಡ ಅಂತಿದ್ರು, ನಾನು ಬೇಕು ಅಂತಿದ್ದೆ. ಅದಕ್ಕೆ ನಾನು ಮತ ಹಾಕ್ತಾ ಇಲ್ಲ."

ಟ್ರೆಂಟ್ ಕುರ್ಚಿಯಲ್ಲೇ ಪೂರ್ತಿ ತಿರುಗಿದ. ಅಷ್ಟರಲ್ಲಿ ನೀಲಿಯವರ ಕಡೆಯಿಂದ ನಗೆಯೊಂದು ಎದ್ದಿತು, ಅದರ ಹಿಂದೆ ಇನ್ನೊಂದು. ಅವರೆಲ್ಲ ಅವನ ಬೆನ್ನ ಹಿಂದಿನ ಬಾಗಿಲನ್ನು ನೋಡುತ್ತಿದ್ದರು. ಅವನೂ ತಿರುಗಿದ. ಭುಜದ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ, ಕೋಟು ಬಿಚ್ಚಿರಲಿಲ್ಲ, ಲೆನೋರ್ ಪಾಸ್ಕ ಬಾಗಿಲ ಹಿಡಿ ಹಿಡಿದು ನಿಂತಿದ್ದಳು.

ಪೀಠದಿಂದ ಉಪರಾಜ್ಯಪಾಲರು ಒಣ ದನಿಯಲ್ಲಿ, ಸದಸ್ಯೆ ಸದನದಲ್ಲೇ ಇರುವುದರಿಂದ ಜೋಡಿ ಇಲ್ಲ, ಮಾನ್ಯರು ಮತ ಹೇಳಬೇಕು ಎಂದರು.

"ಬೇಕು," ಎಂದ ಎಲ್ಡನ್. ಅವನ ಮತ ಅದೇ ಆಗಿತ್ತು. ಆ ಮಾತಿಗೂ ನೀಲಿಯವರು ನಕ್ಕರು.

ಲೆನೋರ್ ನಿಂತಲ್ಲಿಂದಲೇ ಬೇಡ ಎಂದಳು. ಹದಿನಾರಕ್ಕೆ ಹದಿನೇಳು, ಮಸೂದೆ ಬಿತ್ತು.

ಟ್ರೆಂಟ್ ಅವನ ಮೇಜಿನ ಹತ್ತಿರ ಬಂದು, ಮುಂದಿನ ವರ್ಷ ನಿಮ್ಮ ಎದುರು ನಿಲ್ಲುವವನ ಪರವಾಗಿ ನಾನೇ ಊರೂರು ತಿರುಗುತ್ತೇನೆ ಎಂದ. ಆ ಕಡೆಯಿಂದ ಡೆವ್ರಾ ಹಾದುಹೋಗುತ್ತ ನಿಂತಳು. "ಚೆನ್ನಾಗಿತ್ತು ನಾಟಕ. ಬಾಗಿಲ ಸದ್ದು ಕೇಳಿಸ್ಕೊಂಡು ಧರ್ಮರಾಯ ಆಗಿಬಿಟ್ರಿ."

ಅವನಿಗೆ ಸದ್ದು ಕೇಳಿರಲಿಲ್ಲ. ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಆದರೆ ಮೊಗಸಾಲೆಯಲ್ಲಿ ನಡೆಯುತ್ತ ಆ ಕ್ಷಣವನ್ನು ಮತ್ತೆ ಮತ್ತೆ ನೆನಪಿಗೆ ತಂದುಕೊಂಡಂತೆಲ್ಲ ಹಿತ್ತಾಳೆಯ ಆ ಹಿಡಿ ಖಟ್ ಎಂದದ್ದು ನಿಧಾನವಾಗಿ ಅದರೊಳಗೆ ಸೇರಿಕೊಳ್ಳತೊಡಗಿತು. ಅದನ್ನು ಹೊರಗಟ್ಟಲು ಅವನಿಗೆ ಆಗಲಿಲ್ಲ.

ಲೆನೋರ್ ಕೋಟಿನ ಕೋಣೆಯ ಬೆಂಚಿನ ಮೇಲೆ ಕೂತಿದ್ದಳು. ಫೋನು ಮಡಿಲಲ್ಲಿತ್ತು. ಅವನು ಅವಳ ಎದುರು ಬಂದು ನಿಂತ.

"ಎರಡೂ ನಲವತ್ತಕ್ಕೆ ಹೋದನಂತೆ," ಎಂದಳು. "ನಾನು ಹೆದ್ದಾರಿಯಲ್ಲಿದ್ದೆ, ಲಾರಿ ಹಿಂದೆ. ನರ್ಸು ಕೈ ಹಿಡ್ಕೊಂಡಿದ್ದಳಂತೆ."

"ಲೆನೋರ್, ನೀವು ಬಂದಿದ್ದು ನೋಡೋಕ್ಕಿಂತ ಮುಂಚೆನೇ ನಾನು ಎದ್ದಿದ್ದೆ."

"ಗೊತ್ತು." ಅವಳು ಮೊದಲ ಸಲ ನೇರವಾಗಿ ಅವನ ಮುಖ ನೋಡಿದಳು. "ನೀನು ಮುರಿಯೋನಲ್ಲ. ಬೆಳಿಗ್ಗೆಯೂ ಗೊತ್ತಿತ್ತು, ಅಷ್ಟು ದೂರ ಕಾರು ಓಡಿಸಿಕೊಂಡು ಹೋಗುವಾಗ ಒಂದು ಸಲನೂ ಅನುಮಾನ ಬರಲಿಲ್ಲ. ಆಮೇಲೆ ಡೆವ್ರಾ ಫೋನ್ ಮಾಡಿದಳು. ಕೇಳಿದ್ದಕ್ಕೆ ಅವನು ಹೌದೂ ಅನ್ನಲಿಲ್ಲ, ಅಲ್ಲನೂ ಅನ್ನಲಿಲ್ಲ, ಹೋಗ್ತಾನೇ ಇದ್ದ ಅಂದಳು. ನನ್ನ ಕ್ಷೇತ್ರದಲ್ಲಿ ಅರುವತ್ತು ಸಾವಿರ ಜನ ಇದ್ದಾರೆ. ಆರ್ಲಿನ್‌ಗೆ ಎಚ್ಚರ ಇತ್ತು. ಬರ್ತೀನಿ ಅಂತ ಅವನಿಗೆ ಹೇಳಿ ಹೊರಟೆ."

"ಅವಳು ಹಾಗೆ ಕೇಳಬಾರದಿತ್ತು."

"ಹೌದು, ಕೇಳಬಾರದಿತ್ತು. ಅವಳು ನಿನ್ನನ್ನ ನಂಬಲಿಲ್ಲ, ಅದು ಅವಳ ತಪ್ಪು. ಆದರೆ ಎಲ್ಡನ್, ಒಂದು ಹೌದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಮಾತು ಉಳಿಸ್ಕೊಳ್ಳೋ ಗಂಡಸು ಅಂತ ಮೆಟ್ಟಿಲು ಹತ್ತಿಬಿಟ್ಟೆ. ನನ್ನ ಗಂಡ ಆ ಮೆಟ್ಟಿಲ ಕೆಳಗೆ ಇದ್ದ."

ಅವನು, ಹಿಮ ಜೋರಾಗಿದೆ, ಈ ಸ್ಥಿತಿಯಲ್ಲಿ ಓಡಿಸಬೇಡಿ, ನಾನು ಕರೆದೊಯ್ಯುತ್ತೇನೆ ಎಂದ.

"ನಿನ್ನ ಪಕ್ಕ ನೂರಿಪ್ಪತ್ತು ಮೈಲಿ? ನಡ್ಕೊಂಡಾದರೂ ಹೋಗ್ತೀನಿ."

ಅವಳು ಹೊರಟುಹೋದ ಮೇಲೂ ಅವನು ಅಲ್ಲೇ ನಿಂತಿದ್ದ. ಬೆಂಚಿನ ಮೇಲೆ ಹಿಮ ಕರಗಿದ ನೀರು ಅವಳು ಕೂತಿದ್ದಷ್ಟು ಅಗಲಕ್ಕೆ ನಿಂತಿತ್ತು.

ಮುಂದಿನ ಮಂಗಳವಾರ ಆರ್ಲಿನ್ ಪಾಸ್ಕನ ಶವಸಂಸ್ಕಾರ. ಆ ದಿನ ಕಲಾಪ ನಿಲ್ಲಿಸಬೇಕೆಂದು ನೀಲಿಯವರು ಕೇಳಿದರು, ಟ್ರೆಂಟ್ ಒಪ್ಪಲಿಲ್ಲ. ಮತಕ್ಕೆ ಬರಲಿದ್ದುದು ಹೆದ್ದಾರಿಯ ಬದಿಯ ಫಲಕಗಳ ಅಳತೆಯ ಮಸೂದೆ, ಅದಕ್ಕೂ ಎರಡೂ ಕಡೆಯವರು ತಲೆ ಎಣಿಸಿಕೊಂಡು ಕೂತಿದ್ದರು. ಎಲ್ಡನ್ ಬೆಳಿಗ್ಗೆ ಬೇಗ ಬಂದು ಗುಮಾಸ್ತೆಯ ಮೇಜಿನ ಮುಂದೆ ನಿಂತು, ಇವತ್ತು ನನ್ನ ಹೆಸರು ಬಂದಾಗ ಪಾಸ್ಕ ಅವರ ಜೋಡಿ ಹೇಳುತ್ತೇನೆ, ಬರೆದುಕೊಳ್ಳಿ ಎಂದ.

ಗುಮಾಸ್ತೆ ಮೂವತ್ತು ವರ್ಷದಿಂದ ಆ ಮೇಜಿನಲ್ಲಿದ್ದವಳು. ಖಾನೆಯಿಂದ ಕಾಗದವೊಂದನ್ನು ತೆಗೆದು ಅವನ ಮುಂದಿಟ್ಟಳು. ಲೆನೋರಳ ಕೈಬರಹ. ತಾನು ಗೈರುಹಾಜರಾದ ಯಾವ ದಿನವೂ ತನ್ನ ಹೆಸರಿನಲ್ಲಿ ಯಾರೂ ಜೋಡಿ ಹೇಳಕೂಡದು ಎಂದು ಬರೆದು, ಕೆಳಗೆ ಸಹಿ ಹಾಕಿ, ಇಬ್ಬರ ಸಾಕ್ಷಿ ಹಾಕಿಸಿದ್ದಳು.

"ನಾನೂ ಬೇಡಮ್ಮ ಅಂದೆ," ಎಂದಳು ಗುಮಾಸ್ತೆ. "ಇಂಥದ್ದನ್ನ ಕಾಗದದಲ್ಲಿ ಬರೆದದ್ದು ನಾನು ನೋಡೇ ಇಲ್ಲ ಅಂದೆ. ಇನ್ಮೇಲೆ ನೋಡ್ತೀರಿ ಅಂದ್ರು."

ಅವನು ಎರಡು ಸಲ ಓದಿ ಕಾಗದವನ್ನು ಹಿಂದಕ್ಕೆ ತಳ್ಳಿದ. ಹತ್ತು ಗಂಟೆಗೆ ಹೆಸರು ಕೂಗಿದಾಗ ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ ಫಲಕಗಳ ಮಸೂದೆಗೆ ಬೇಕು ಎಂದ, ಗುಮಾಸ್ತೆ ಬರೆದುಕೊಂಡಳು.